ಟ್ರಿಗರ್ ಒತ್ತಿದರೂ ಗುಂಡು ಹಾರಲಿಲ್ಲವೇ? ಮೊದಲು 1 ನಿಮಿಷ ಕಾಯಿರಿ

ಕೊಡಗು, ಮಲೆನಾಡಿನ ಕೆಲವು ತೋಟದ ಮನೆಗಳಲ್ಲಿ ಅಜ್ಜನ ಕಾಲದ .315 ಬೋರ್ ರೈಫಲ್ ಇನ್ನೂ ಇರುತ್ತದೆ. ಇಶಾಪುರದ ಸರ್ಕಾರಿ ಕಾರ್ಖಾನೆಯ ಈ ಕೋವಿಯ ಮೂಲ ಬ್ರಿಟಿಷ್ ಸೈನ್ಯದ ಲೀ-ಎನ್‌ಫೀಲ್ಡ್. ಬೋಲ್ಟ್ ಕೆಲಸ ಮಾಡುವ ರೀತಿ ಒಂದೇ, ಹಾಗಾಗಿ ತೊಂದರೆಗಳೂ ಹೆಚ್ಚುಕಮ್ಮಿ ಅವೇ.

'ಟಕ್' ಅಂತ ಸದ್ದು ಬಂದು ಗುಂಡು ಹಾರದಿದ್ದರೆ ಬೋಲ್ಟ್ ಎಳೆಯಬೇಡಿ. ಮದ್ದು ತಡವಾಗಿ ಹೊತ್ತಿಕೊಳ್ಳುವುದುಂಟು. ಅಷ್ಟರಲ್ಲಿ ಬೋಲ್ಟ್ ತೆರೆದಿದ್ದರೆ ತೋಟಾ ನಿಮ್ಮ ಮುಖದ ಮುಂದೆಯೇ ಸಿಡಿಯುತ್ತದೆ. ನಳಿಗೆಯನ್ನು ಜನ, ದನ, ಮನೆ ಇಲ್ಲದ ಕಡೆ ಹಿಡಿದು ಪೂರ್ತಿ 1 ನಿಮಿಷ ಕಾಯಿರಿ. ಆಮೇಲೆ ಮುಖ ಪಕ್ಕಕ್ಕಿಟ್ಟು ನಿಧಾನ ತೆಗೆಯಿರಿ. 'ಪುಸ್' ಅಂತ ಸಣ್ಣ ಸದ್ದು ಬಂದರೆ ಇನ್ನೂ ಅಪಾಯ. ಗುಂಡು ನಳಿಗೆಯಲ್ಲೇ ಸಿಕ್ಕಿರಬಹುದು, ಇನ್ನೊಂದು ಹಾರಿಸಿದರೆ ನಳಿಗೆ ಒಡೆಯುತ್ತದೆ. ಅವತ್ತಿಗೆ ಕೋವಿ ಕೆಳಗಿಡಿ.

ಹೊರಬಂದ ತೋಟಾದ ಹಿಂಬದಿ ನೋಡಿ. ನಡುವಿನ ಪ್ರೈಮರ್ ಮೇಲೆ ಪಿನ್ ಹೊಡೆದ ಗುಳಿ ಆಳವಾಗಿದ್ದರೆ ತಪ್ಪು ಬಹುಶಃ ತೋಟಾದ್ದು: ಹಳೆಯದು, ಇಲ್ಲವೇ ಮಳೆಗಾಲದ ತೇವ ಕುಡಿದದ್ದು. ಗುಳಿ ತೆಳ್ಳಗಿದ್ದರೆ ತಪ್ಪು ಕೋವಿಯದು. ಬೋಲ್ಟ್ ಒಳಗೆ ಎಣ್ಣೆ ಅಂಟಾಗಿರಬಹುದು, ಸ್ಪ್ರಿಂಗ್ ಸೋತಿರಬಹುದು, ಪಿನ್ ಸವೆದಿರಬಹುದು. ವರ್ಷಗಟ್ಟಲೆ ಎಣ್ಣೆ ಸುರಿದಿಟ್ಟ ಕೋವಿಯಲ್ಲಿ ಮೊದಲನೆಯದನ್ನೇ ಅನುಮಾನಿಸಿ. ಎಣ್ಣೆ ಜಾಸ್ತಿ ಹಾಕಿದಷ್ಟೂ ಒಳ್ಳೇದು ಅನ್ನೋ ನಂಬಿಕೆ ನಮ್ಮಲ್ಲಿ ಗಟ್ಟಿ! ಗುಳಿಯ ಫೋಟೋ ಹತ್ತಿರದಿಂದ ತೆಗೆದಿಟ್ಟುಕೊಳ್ಳಿ, ರಿಪೇರಿಯವರಿಗೆ ಅದು ಅರ್ಧ ಉತ್ತರ.

ಈ ಬೋಲ್ಟ್ ಮುಂದೆ ತಳ್ಳುವಾಗಲೇ ಸ್ಪ್ರಿಂಗ್ ಬಿಗಿಯಾಗುತ್ತದೆ, ಕೊನೆಯಲ್ಲಿ ಕೈಗೆ ಬಿಗಿ ಹತ್ತುವುದು ಸಹಜ. ಅಲ್ಲೇ ನಿಲ್ಲಿಸಿದರೆ ಹಿಡಿ ಪೂರ್ತಿ ಕೆಳಗಿಳಿಯುವುದಿಲ್ಲ, ಪಿನ್‌ಗೂ ಬಲ ಸಾಲದು. ತೋಟಾವೇ ಒಳಗೆ ಸರಿಯದಿದ್ದರೆ ಮ್ಯಾಗಜಿನ್ ನೋಡಿ. ಈ ತೋಟಾಗಳ ಬುಡಕ್ಕೆ ಚಾಚಿದ ಅಂಚು ಇರುತ್ತದೆ. ಮೇಲಿನ ತೋಟಾದ ಅಂಚು ಕೆಳಗಿನದರ ಮುಂದೆ ಇರಬೇಕು, ಹಿಂದಾದರೆ ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ.

ಹಾರಿಸಿದ ಮೇಲೆ ಬೋಲ್ಟ್ ತೆರೆಯಲು ಕಷ್ಟವಾದರೆ ಸುತ್ತಿಗೆ ಮುಟ್ಟಬೇಡಿ. ಖಾಲಿ ತೋಟಾದ ಬುಡದ ಹತ್ತಿರ ಹೊಳೆಯುವ ಉಂಗುರದಂಥ ಗೆರೆ ಕಂಡರೆ ಕೋವಿ ಬಳಸುವುದನ್ನೇ ನಿಲ್ಲಿಸಿ. ಬೋಲ್ಟ್ ಮತ್ತು ನಳಿಗೆ ನಡುವಿನ ಅಳತೆ ಸಡಿಲವಾಗಿರುವ ಸೂಚನೆ ಅದು. ಪಕ್ಕದ ಮನೆಯವರ ಬೋಲ್ಟ್ ತಂದು ಹಾಕಿ ನೋಡೋಣ ಅನ್ನಬೇಡಿ. ಪ್ರತಿ ಬೋಲ್ಟ್ ಆಯಾ ಕೋವಿಗೇ ಕೂಡಿಸಿದ್ದು. ಬೋಲ್ಟ್ ಹಿಡಿಯ ಮೇಲಿನ ನಂಬರ್, ಕೋವಿಯ ನಂಬರ್ ಹೊಂದುತ್ತವೆಯೇ ನೋಡಿ.

ವಿಡಿಯೋ ನೋಡಿ ಸ್ಪ್ರಿಂಗ್, ಪಿನ್ ಬಿಚ್ಚಲು ಹೋಗಬೇಡಿ. ಲೈಸೆನ್ಸ್ ಇರುವ ಕೋವಿ ರಿಪೇರಿಯವರ ಬಳಿಗೇ ಒಯ್ಯಿರಿ. ಹೋಗುವಾಗ ನಿಮ್ಮ ಲೈಸೆನ್ಸ್ ಅಥವಾ ವಿನಾಯಿತಿ ಪತ್ರ ಜೊತೆಗಿರಲಿ, ಕೋವಿ ಖಾಲಿ ಇರಲಿ. ಹಾರದ ತೋಟಾವನ್ನು ಹೊಲದಲ್ಲಿ ಎಸೆಯದೆ, ಎಲ್ಲಿ ಒಪ್ಪಿಸಬೇಕು ಅಂತ ಅವರನ್ನೇ ಕೇಳಿ.