ಇಂಗ್ಲಿಷಿನಲ್ಲಿ ಪ್ರಥಮ ಪುರುಷ ಏಕವಚನದ ಕ್ರಿಯಾಪದ: ರಚನೆ ಮತ್ತು ಬಳಕೆ

ಕೋಲಾರ ಜಿಲ್ಲೆಯಿಂದ ಬೇರ್ಪಟ್ಟು ಚಿಕ್ಕಬಳ್ಳಾಪುರ ಜಿಲ್ಲೆಯು 2007ರಲ್ಲಿ ರಚನೆಯಾಯಿತು. ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 1ನೇ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಬೋಧಿಸುವ ಕ್ರಮವೂ 2007-08ನೇ ಸಾಲಿನಲ್ಲಿಯೇ ಆರಂಭಗೊಂಡಿತು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಹಾಗೂ ಶಿಡ್ಲಘಟ್ಟ ತಾಲ್ಲೂಕುಗಳ ಅನೇಕ ಮಕ್ಕಳಿಗೆ ಮನೆಮಾತು ತೆಲುಗು, ಶಾಲೆಯ ಮಾತು ಕನ್ನಡ, ಇಂಗ್ಲಿಷ್ ಮೂರನೆಯದು. ಇಂತಹ ವಿದ್ಯಾರ್ಥಿಗಳ ಬರವಣಿಗೆಯಲ್ಲಿ ಪದೇ ಪದೇ ತಪ್ಪುವ ಒಂದು ಅಂಶವನ್ನು ಪೋಷಕರ ಮಾಹಿತಿಗಾಗಿಯೂ ಇಲ್ಲಿ ವಿವರಿಸಲಾಗಿದೆ.

ಗೊಂದಲವು ಹೆಸರಿನಿಂದಲೇ ಪ್ರಾರಂಭವಾಗುತ್ತದೆ. ಕನ್ನಡ ವ್ಯಾಕರಣದಲ್ಲಿ ‘ನಾನು’ ಉತ್ತಮ ಪುರುಷ. ‘ಅವನು, ಅವಳು, ಅದು’ ಪ್ರಥಮ ಪುರುಷ. ಇಂಗ್ಲಿಷಿನ ಎಣಿಕೆ ಇದಕ್ಕೆ ತಿರುಗುಮುರುಗಾಗಿದ್ದು, ‘ನಾನು’ ಎಂಬುದು ಫಸ್ಟ್ ಪರ್ಸನ್, ‘ಅವನು’ ಎಂಬುದು ಥರ್ಡ್ ಪರ್ಸನ್. ಪ್ರಥಮವೆಂದರೆ ಫಸ್ಟ್ ಎಂದು ಭಾಷಾಂತರಿಸಿಕೊಳ್ಳಬಾರದು.

ಕನ್ನಡದಲ್ಲಿ ಕರ್ತೃವಿಗೆ ತಕ್ಕಂತೆ ಮಾರುತ್ತೇನೆ, ಮಾರುತ್ತೀಯೆ, ಮಾರುತ್ತಾನೆ, ಮಾರುತ್ತಾಳೆ, ಮಾರುತ್ತಾರೆ ಎಂದು ಕ್ರಿಯಾಪದವು ರೂಪ ಬದಲಿಸುತ್ತದೆ. ತೆಲುಗಿನಲ್ಲಿಯೂ ಹೀಗೆಯೇ, ಆದರೆ ಅಲ್ಲಿ ‘ಅವಳು’ ಮತ್ತು ‘ಅದು’ ಎರಡಕ್ಕೂ ಒಂದೇ ರೂಪ. ಇಂಗ್ಲಿಷಿನಲ್ಲಿ ಐ, ಯು, ವಿ, ದೇ ಇವೆಲ್ಲಕ್ಕೂ ‘ಸೆಲ್’ ಎಂಬುದೇ ಸಾಕು. ವರ್ತಮಾನ ಕಾಲದಲ್ಲಿ ಹಿ, ಶಿ, ಇಟ್ ಅಥವಾ ಏಕವಚನದ ನಾಮಪದವು ಕರ್ತೃವಾದಾಗ ಮಾತ್ರ ‘ಸೆಲ್ಸ್’ ಎಂದು ಎಸ್ ಅಕ್ಷರ ಸೇರುತ್ತದೆ.

ನಾಮಪದಕ್ಕೆ ಸೇರುವ ಎಸ್ ಬಹುವಚನದ ಗುರುತು, ಕ್ರಿಯಾಪದಕ್ಕೆ ಸೇರುವ ಎಸ್ ಏಕವಚನದ ಗುರುತು. ಶಿಡ್ಲಘಟ್ಟದ ರೇಷ್ಮೆಗೂಡು ಮಾರುಕಟ್ಟೆಗೆ ಒಬ್ಬ ರೈತ ಬಂದರೆ ‘ದ ಫಾರ್ಮರ್ ಸೆಲ್ಸ್ ಕೊಕೂನ್ಸ್’. ಹಲವರು ಬಂದರೆ ‘ದ ಫಾರ್ಮರ್ಸ್ ಸೆಲ್ ಕೊಕೂನ್ಸ್’. ‘ಚಿಲ್ಡ್ರನ್’ ಎಂಬಲ್ಲಿ ಎಸ್ ಇಲ್ಲದಿದ್ದರೂ ಅದು ಬಹುವಚನವೇ ಆದ್ದರಿಂದ ಕ್ರಿಯಾಪದಕ್ಕೆ ಎಸ್ ಸೇರದು.

‘ನಮ್ಮ ತಂದೆ ಗೂಡು ಮಾರುತ್ತಾರೆ’ ಎಂಬ ವಾಕ್ಯವನ್ನು ವಿದ್ಯಾರ್ಥಿಯು ‘ಮೈ ಫಾದರ್ ಸೆಲ್’ ಎಂದು ಬರೆಯುವುದುಂಟು. ಇದು ಅಜ್ಞಾನವೆನ್ನುವುದಕ್ಕಿಂತ ಮನೆಯಲ್ಲಿ ಕಲಿತ ಮರ್ಯಾದೆಯ ಫಲವೆನ್ನಬಹುದು. ಇಂಗ್ಲಿಷ್ ಕ್ರಿಯಾಪದದಲ್ಲಿ ಗೌರವ ಬಹುವಚನವಿಲ್ಲ. ತಂದೆಯವರಿಗೂ, ಮುಖ್ಯೋಪಾಧ್ಯಾಯರಿಗೂ, ರಾಷ್ಟ್ರಪತಿಗಳಿಗೂ, ಹಿಪ್ಪುನೇರಳೆ ಸೊಪ್ಪು ತಿನ್ನುವ ಹುಳುವಿಗೂ ಅದೇ ಎಸ್. ‘ಮೈ ಫಾದರ್ ಸೆಲ್ಸ್’ ಎಂದು ಮಗು ಬರೆದಲ್ಲಿ ಪೋಷಕರು ಅಗೌರವವೆಂದು ಭಾವಿಸಬೇಕಾಗಿಲ್ಲ.

ಕಾಗುಣಿತದ ವಿಷಯ ಹೆಚ್ಚಿಲ್ಲ. ‘ವಾಶ್’, ‘ಟೀಚ್’, ‘ಗೋ’ ಮುಂತಾದವುಗಳಿಗೆ ಇ-ಎಸ್ ಸೇರುತ್ತದೆ. ವ್ಯಂಜನದ ನಂತರ ವೈ ಬಂದರೆ, ‘ಕ್ಯಾರಿ’ ಪದದಲ್ಲಿರುವಂತೆ, ವೈ ಹೋಗಿ ಐ-ಇ-ಎಸ್ ಬರುತ್ತದೆ. ‘ಬೈ’ (ಕೊಳ್ಳು) ಪದದಲ್ಲಿ ವೈಗೆ ಮೊದಲು ಸ್ವರವಿರುವುದರಿಂದ ಎಸ್ ಮಾತ್ರ. ‘ಹ್ಯಾವ್’ ಎಂಬುದು ‘ಹ್ಯಾಸ್’ ಆಗುತ್ತದೆ. ‘ಕ್ಯಾನ್’, ‘ಮಸ್ಟ್’ ಇವುಗಳಿಗೆ ಎಸ್ ಸೇರುವುದಿಲ್ಲ.

ನಿಷೇಧ ಹಾಗೂ ಪ್ರಶ್ನೆಗಳಲ್ಲಿ ‘ಡಸ್’ ಬಂದಾಗ ಎಸ್ ಅದರಲ್ಲಿಯೇ ಅಡಕವಾಗಿರುತ್ತದೆ. ಆದುದರಿಂದ ‘ಹಿ ಡಸ್ ನಾಟ್ ಸೆಲ್ಸ್’ ಎಂಬುದು ತಪ್ಪು. ‘ಹಿ ಡಸ್ ನಾಟ್ ಸೆಲ್’ ಎಂದು ಬರೆಯತಕ್ಕದ್ದು. ಒಂದೇ ಬಾಬ್ತನ್ನು ಲೆಕ್ಕದಲ್ಲಿ ಎರಡು ಬಾರಿ ನಮೂದಿಸಿದಂತಾಗಬಾರದು.