ತಾಲೀಮಿನಲ್ಲಿ ಕಲಿಯುವ ಮಕ್ಕಳು

ಹಿಂಗಾರಿ ಸುಗ್ಗಿ ಮುಗಿದು ಜಾತ್ರೆ ಹತ್ತಿರ ಬಂತೆಂದರೆ ಕುಂದಗೋಳ, ನವಲಗುಂದ ಕಡೆಯ ಹಳ್ಳಿಗಳಲ್ಲಿ ರಾತ್ರಿ ಊಟದ ಮೇಲೆ ಗುಡಿಯ ಪಡಸಾಲೆಯಿಂದಲೋ ಸಮುದಾಯ ಭವನದಿಂದಲೋ ಪೇಟಿಯ ಸ್ವರ ಕೇಳತೊಡಗುತ್ತದೆ. ನಾಟಕದ ತಾಲೀಮು. ಹೊಲದಿಂದ ಬಂದ ಗಂಡಸರು ಪಾರ್ಟಿನ ವಹಿ ಹಿಡಿದು ಕೂತಿರುತ್ತಾರೆ. ತಪ್ಪಿದಲ್ಲಿ ಪೇಟಿ ಮಾಸ್ತರರು ತಡೆದು ಮತ್ತೆ ಮೊದಲಿನಿಂದ ಹೇಳಿಸುತ್ತಾರೆ. ಬಾಗಿಲಲ್ಲಿ ಹುಡುಗರ ಗುಂಪು. ಅವರನ್ನು ಯಾರೂ ಕರೆದಿಲ್ಲ, ಯಾರೂ ಓಡಿಸುವುದೂ ಇಲ್ಲ. ತಿಂಗಳೊಪ್ಪತ್ತಿನಲ್ಲಿ ಖಳನಾಯಕನ ಮಾತಿನಿಂದ ಹಿಡಿದು ಹಾಸ್ಯದ ಜೋಡಿಯ ಹಾಡಿನ ತನಕ ಇಡೀ ನಾಟಕ ಅವರಿಗೆ ಬಾಯಿಪಾಠ. ಇದೇ ಹುಡುಗರಲ್ಲಿ ಕೆಲವರ ಬಗ್ಗೆ ಹಗಲು ಸಾಲಿಯಲ್ಲಿ ‘ಒಂದ್ ಪದ್ಯ ನೆಟ್ಟಗ ಹೇಳಾಕ ಬರಂಗಿಲ್ಲ’ ಎಂಬ ದೂರು ಇರುತ್ತದೆ.

ಹಗಲಿನ ಸಾಲಿಗೂ ರಾತ್ರಿಯ ತಾಲೀಮಿಗೂ ನಡುವೆ ಒಂದು ದಾರಿ ಆಗಬೇಕು ಎಂಬುದು ನನ್ನ ಬಹುದಿನದ ಹಂಬಲ. ಧಾರವಾಡ ಜಿಲ್ಲೆಯ ಹಳ್ಳಿಗಾಡಿಗೆ ರಂಗಭೂಮಿ ಹೊರಗಿನಿಂದ ತಂದುಕೊಡಬೇಕಾದ ವಸ್ತುವಲ್ಲ. ವೃತ್ತಿ ರಂಗಭೂಮಿಯಲ್ಲಿ ‘ಗುಡಗೇರಿ ಕಂಪನಿ’ ಎಂದೇ ಹೆಸರಾದ ಎನ್. ಬಸವರಾಜ ಅವರ ತಂಡದ ಊರು ಗುಡಗೇರಿ ಇರುವುದು ಕುಂದಗೋಳ ತಾಲ್ಲೂಕಿನಲ್ಲೇ. ಕುಂದಗೋಳದ ರಾಮಭಾವು (1886–1952) ‘ಸವಾಯಿ ಗಂಧರ್ವ’ ಆದದ್ದು ಮರಾಠಿ ಸಂಗೀತ ನಾಟಕಗಳಲ್ಲಿ ಸ್ತ್ರೀ ಪಾತ್ರ ಮಾಡಿ, ಹಾಡಿ. ಅವರ ಹತ್ತಿರ ಕಲಿಯಲು ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನಲ್ಲಿ ಬರುತ್ತಿದ್ದರು. ಅದೇ ಸೀಮೆಯ ಕಳಸದ ಗುರುಗೋವಿಂದ ಭಟ್ಟರ ಶಿಷ್ಯ ಶಿಶುನಾಳ ಶರೀಫರು (1819–1889) ಸಾಲಿಯಲ್ಲಿ ಮಾಸ್ತರಿಕೆ ಮಾಡಿದವರು. ಮೊಹರಂ ಹೆಜ್ಜೆಗೆ ರಿವಾಯತ್ ಪದ ಕಟ್ಟಿಕೊಟ್ಟವರೂ ಅವರೇ. ಪಾಠ ಹೇಳುವವನು ಪದ ಕಟ್ಟಬಾರದು ಎಂಬ ಕಟ್ಟು ಈ ಸೀಮೆಯಲ್ಲಿ ಇರಲೇ ಇಲ್ಲ.

ಪಂಚಾಂಗ ನೋಡಿದರೂ ಕಲಿಕೆಗೂ ಕಲೆಗೂ ಇರುವ ಈ ನಂಟು ಕಾಣುತ್ತದೆ. ಮುಂಗಾರಿನಲ್ಲಿ ಸಾಲಿ ತೆರೆದ ಕೆಲವೇ ವಾರಗಳಿಗೆ ಮಣ್ಣೆತ್ತಿನ ಅಮಾವಾಸ್ಯೆ. ಎರೆಮಣ್ಣು ಕಲಸಿ ಮಕ್ಕಳು ಎತ್ತು ಮಾಡುತ್ತಾರೆ. ಹಿಂದೆಯೇ ಆಷಾಢದ ಮಂಗಳವಾರಗಳ ಗುಳ್ಳವ್ವ. ಮಳೆ ಕೈಕೊಟ್ಟರೆ ತಲೆಯ ಮೇಲೆ ಗುರ್ಜಿ ಹೊತ್ತು ಮನೆಮನೆಗೆ ತಿರುಗುವ ಆಟ, ಭಾದ್ರಪದಕ್ಕೆ ಜೋಕುಮಾರ, ಹೋಳಿಗೆ ಹಲಗಿ ಬಾರಿಸಿ ಕಾಮಣ್ಣನಿಗಾಗಿ ಬಾಯಿ ಬಾಯಿ ಬಡಿದುಕೊಳ್ಳುವ ಅಳು. ನವಲಗುಂದದ ರಾಮಲಿಂಗ ಕಾಮಣ್ಣನನ್ನು ನೋಡಲು ದೂರದೂರಿನ ಜನ ಬರುತ್ತಾರೆ. ಮಣ್ಣಿನ ಕೆಲಸ, ವೇಷ, ಮೇಳ, ಹಾಡು, ಮೆರವಣಿಗೆ ಎಲ್ಲವೂ ಮಕ್ಕಳ ಕೈಯಲ್ಲೇ ಇವೆ. ಕಸುಬುಗಳಲ್ಲೂ ಪಾಠವಿದೆ: ನವಲಗುಂದದ ಜಮಖಾನದ ಮೇಲಿನ ಆಕೃತಿಗಳಲ್ಲಿ ರೇಖಾಗಣಿತವಿದೆ. ಕಲಘಟಗಿಯ ಬಣ್ಣದ ತೊಟ್ಟಿಲ ಮೇಲೆ ಪುರಾಣದ ಕತೆಗಳು ಚಿತ್ರದಿಂದ ಚಿತ್ರಕ್ಕೆ ಸಾಗುತ್ತವೆ. ನಾಟಕದ ಸೀನು ಕಟ್ಟುವುದನ್ನು ಕಲಿಸಲು ಅದಕ್ಕಿಂತ ಒಳ್ಳೆಯ ಪಠ್ಯ ನನಗೆ ಗೊತ್ತಿಲ್ಲ.

ಸರ್ಕಾರಿ ಶಾಲೆಗಳಿಗೆ ಕಲೆಯಿಂದ ಕಲಿಸಬಹುದೆಂಬ ಅರಿವು ಇಲ್ಲವೆಂದಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಗಿ ರಾಜ್ಯಕ್ಕೆಲ್ಲ ಹಬ್ಬಿದ ನಲಿಕಲಿಯಲ್ಲಿ ಹಾಡು, ಅಭಿನಯ, ಆಟ ಪಾಠದ ಒಳಗೇ ಇವೆ. ಮೂರನೆಯ ಇಯತ್ತೆಯವರೆಗೆ ಮಗು ನೆಲದ ಮೇಲೆ ವರ್ತುಲದಲ್ಲಿ ಕೂತು ಕುಣಿಯುತ್ತ ಕಲಿಯುತ್ತದೆ. ನಾಲ್ಕಕ್ಕೆ ಬಂದಕೂಡಲೇ ಸಾಲುಬೆಂಚು. ದೇಹ ಸುಮ್ಮನಿರಬೇಕು, ಬಾಯಿ ಮುಚ್ಚಿರಬೇಕು. ಮನಸ್ಸು ತಳಮಳಗೊಳ್ಳುವ ವಯಸ್ಸು ಇನ್ನೂ ಮುಂದಿರುವಾಗಲೇ ಆ ತಳಮಳ ಹೊರಹಾಕುವ ದಾರಿಗಳನ್ನು ನಾವು ಮುಚ್ಚಿಬಿಡುತ್ತೇವೆ.

ಇಲ್ಲಿ ಹುಡುಗಿಯರ ಮಾತು ಬೇರೆಯೇ ಇದೆ. ತಾಲೀಮಿನ ಬಾಗಿಲಲ್ಲಿ ನಿಂತವರು ಹುಡುಗರು ಎಂದೆನಲ್ಲ, ಹುಡುಗಿಯರು ಆ ಹೊತ್ತಿಗೆ ಮನೆಯೊಳಗಿರುತ್ತಾರೆ. ಊರ ನಾಟಕದ ಹೆಣ್ಣು ಪಾರ್ಟಿಗೆ ಹೊರಗಿನಿಂದ ಕಲಾವಿದೆಯರನ್ನು ಹಣ ಕೊಟ್ಟು ಕರೆಸುತ್ತಾರೆ. ಊರಿನ ಮಗಳು ಸ್ಟೇಜು ಹತ್ತುವುದು ಇವತ್ತಿಗೂ ಅಪರೂಪ. ಎಂಟನೆಯ, ಒಂಬತ್ತನೆಯ ಇಯತ್ತೆಯ ಹುಡುಗಿಗೆ ನಾಲ್ಕು ಜನರೆದುರು ಗಟ್ಟಿದನಿಯಲ್ಲಿ ಮಾತನಾಡಲು ಊರಿನಲ್ಲಿ ಸಿಗುವ ಒಂದೇ ಜಾಗ ಸಾಲಿ. ಅದಕ್ಕೇ ತಾಲೀಮು ಹಗಲಿಗೆ ಬರಬೇಕು, ಸಾಲಿಯ ಒಳಗೆ ಬರಬೇಕು ಎನ್ನುತ್ತಿದ್ದೇನೆ.

ತಾಲೀಮಿನಲ್ಲಿ ಮಗುವಿಗೆ ಆಗುವುದಾದರೂ ಏನು? ಮೊದಲನೆಯದಾಗಿ, ಅಲ್ಲಿ ತಪ್ಪಿಗೆ ಶಿಕ್ಷೆಯಿಲ್ಲ. ಪರೀಕ್ಷೆಯಲ್ಲಿ ತಪ್ಪಿದರೆ ಕೆಂಪು ಶಾಯಿ. ತಾಲೀಮಿನಲ್ಲಿ ತಪ್ಪಿದರೆ ಮತ್ತೊಮ್ಮೆ ಹೇಳು, ಅಷ್ಟೇ. ಹತ್ತು ಸಲ ತಪ್ಪಿ ಹನ್ನೊಂದನೆಯ ಸಲ ಸರಿಹೋಗುವ ಅನುಭವ ‘ನನಗ ಬರೂದಿಲ್ಲ’ ಎಂದು ನಂಬಿಕೊಂಡ ಮಗುವಿಗೆ ಔಷಧವಿದ್ದಂತೆ. ಎರಡನೆಯದು, ಎದುರಿನವರ ಮಾತು ಕೇಳದೆ ನಿನ್ನ ಮಾತು ಬರುವುದಿಲ್ಲ. ತನ್ನ ಸರದಿಗೆ ಕಾಯುವುದು, ಮತ್ತೊಬ್ಬರು ಮರೆತಾಗ ಸಾವರಿಸುವುದು ಇವನ್ನೆಲ್ಲ ಯಾವ ನೀತಿಪಾಠವೂ ಇಷ್ಟು ಚೆನ್ನಾಗಿ ಕಲಿಸದು. ಮೂರನೆಯದು ನನಗೆ ಬಹಳ ಮುಖ್ಯ. ಪಾರ್ಟು ಒಂದು ಮರೆ. ಬೆಣ್ಣಿಹಳ್ಳ ಉಕ್ಕಿ ಹೆಸರು, ಉಳ್ಳಾಗಡ್ಡಿ ನೀರುಪಾಲಾದ ವರ್ಷ ಮನೆಯಲ್ಲಿ ನಡೆಯುವ ಮಾತು, ಸೊಸಾಯಿಟಿ ಸಾಲದ ಚಿಂತೆ, ದುಡಿಯಲು ಗೋವಾಕ್ಕೆ ಹೋದ ಅಪ್ಪ, ಅವ್ವ, ಓದು ಬಿಡಿಸಿ ಮದುವೆ ಮಾಡುವ ಪಿಸುಮಾತು ಎಲ್ಲ ಮಕ್ಕಳ ಕಿವಿಗೆ ಬೀಳುತ್ತವೆ. ‘ನಿನಗೇನು ತ್ರಾಸ ಐತಿ?’ ಎಂದು ನೇರವಾಗಿ ಕೇಳಿದರೆ ತಲೆ ತಗ್ಗಿಸುವ ಮಗು, ನಾಟಕದ ರೈತನ ಮಗಳಾಗಿ ನಿಂತಾಗ ಹೇಳಬೇಕಾದದ್ದನ್ನು ಹೇಳುತ್ತದೆ.

ಗೊಂಬೆಗೆ ಈ ಶಕ್ತಿ ಇನ್ನೂ ಹೆಚ್ಚು. ಧಾರವಾಡದ ‘ಗೊಂಬೆಮನೆ’ಯ ಪ್ರಕಾಶ ಗರುಡ, ರಜನಿ ಗರುಡ ದಂಪತಿ ಗೊಂಬೆಯಾಟವನ್ನೂ ಮಕ್ಕಳ ರಂಗಭೂಮಿಯನ್ನೂ ಬಹುಕಾಲದಿಂದ ಬೆಳೆಸಿದವರು. ಕೈಗೆ ಗೊಂಬೆ ಬಂದಾಗ ಮಾತಿಗೆ ಅಂಜುವ ಮಗುವೂ ಮಾತನಾಡುತ್ತದೆ, ಎಲ್ಲರ ಕಣ್ಣು ಗೊಂಬೆಯ ಮೇಲಿರುತ್ತದಲ್ಲ.

ಕಲೆಯನ್ನು ಪಾಠದ ಸರಿಸಮಕ್ಕೆ ಇಟ್ಟರೆ ಏನಾಗಬಹುದು ಎಂಬುದಕ್ಕೆ ಜಿಲ್ಲೆಯಲ್ಲೇ ಒಂದು ದೊಡ್ಡ ಉದಾಹರಣೆಯಿದೆ. ಧಾರವಾಡದ ಪಶ್ಚಿಮಕ್ಕೆ ಕಾಡಂಚಿನಲ್ಲಿರುವ ಕಲಕೇರಿಯಲ್ಲಿ 2002ರಲ್ಲಿ ಕಲಕೇರಿ ಸಂಗೀತ ವಿದ್ಯಾಲಯ ಆರಂಭವಾಯಿತು. ಕೆನಡಾದ ಕ್ವಿಬೆಕ್‌ನಿಂದ ಬಂದ ಮ್ಯಾಥ್ಯೂ ಫೋರ್ಟಿಯೆ, ಅವರ ಪತ್ನಿ ಅಗಾತ್ ಮತ್ತು ಆಡಮ್ ವುಡ್‌ವರ್ಡ್ ಇದನ್ನು ಕಟ್ಟಿದರು. ಬಡ ಹಳ್ಳಿಗಳ ಮಕ್ಕಳಿಗೆ ಅಲ್ಲಿ ಊಟ, ವಸತಿ, ಶಿಕ್ಷಣ ಎಲ್ಲ ಉಚಿತ. ಗಣಿತ, ವಿಜ್ಞಾನದ ಜೊತೆ ಹಿಂದೂಸ್ತಾನಿ ಗಾಯನ, ತಬಲಾ, ಸಿತಾರ, ಬಾನ್ಸುರಿ, ನೃತ್ಯ ದಿನಚರಿಯ ಭಾಗ. ಗಂಗೂಬಾಯಿ, ಮಲ್ಲಿಕಾರ್ಜುನ ಮನ್ಸೂರರ ಜಿಲ್ಲೆಯಲ್ಲಿ ರಾಗ ಕಲಿಯುವ ಅವಕಾಶ ಕೂಲಿ ಮಾಡುವವರ ಮಗುವಿಗೂ ಸಿಕ್ಕಿದ್ದು ನನಗೆ ಸಣ್ಣ ಸಂಗತಿಯಾಗಿ ಕಾಣುವುದಿಲ್ಲ. ಆದರೆ ಅದು ಒಂದು ವಿದ್ಯಾಲಯ. ಅಣ್ಣಿಗೇರಿಯ ಎರೆಹೊಲಗಳ ನಡುವಿನ ಊರಿನಲ್ಲಿ ಇಬ್ಬರೇ ಶಿಕ್ಷಕರಿರುವ ಸಾಲಿಗೆ ಬೇರೆ ದಾರಿ ಬೇಕು.

ರಂಗಭೂಮಿಯನ್ನು ಸಾಲಿಯ ಒಳಗೆ ತರುವ ಬಗ್ಗೆ ಜಗತ್ತು ಯೋಚಿಸಿ ಬಹಳ ಕಾಲವಾಯಿತು. ಇಂಗ್ಲೆಂಡಿನ ಕವೆಂಟ್ರಿಯ ಬೆಲ್‌ಗ್ರೇಡ್ ಥಿಯೇಟರ್ 1965ರಲ್ಲೇ ನಟರನ್ನು ಶಾಲೆಗಳಿಗೆ ಕಳಿಸಿತು. 1989ರಲ್ಲಿ ರಾಷ್ಟ್ರೀಯ ನಾಟಕ ಶಾಲೆ ಮಕ್ಕಳ ಶಿಕ್ಷಣಕ್ಕೆಂದೇ ತಂಡ ಕಟ್ಟಿತು. ಅದೇ ವರ್ಷ ಬಿ.ವಿ. ಕಾರಂತರ ನೇತೃತ್ವದಲ್ಲಿ ಮೈಸೂರಿನ ರಂಗಾಯಣ ಹುಟ್ಟಿತು. ಈಗ ಧಾರವಾಡದಲ್ಲೂ ರಂಗಾಯಣವಿದೆ. ಅದರ ಬೇಸಿಗೆಯ ಮಕ್ಕಳ ಶಿಬಿರ ‘ಚಿನ್ನರ ಮೇಳ’ ನೋಡಲು ಚಂದ, ಆದರೆ ಅದು ನಡೆಯುವುದು ಪೇಟೆಯಲ್ಲಿ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ 3,000ಕ್ಕೂ ಹೆಚ್ಚು ಅಧ್ಯಯನಗಳನ್ನು ಅವಲೋಕಿಸಿ, ಕಲೆಗೂ ಆರೋಗ್ಯಕ್ಕೂ ನಂಟಿದೆ ಎಂದು ವರದಿ ಕೊಟ್ಟಿತು.

ನಮ್ಮಲ್ಲಿ ಅಡ್ಡಿಯಾಗಿರುವುದು ಸ್ಪರ್ಧೆ. ಶಾಲಾ ಮಕ್ಕಳ ಸ್ಪರ್ಧೆಯಾದ ಪ್ರತಿಭಾ ಕಾರಂಜಿಯ ಉದ್ದೇಶ ಒಳ್ಳೆಯದೇ. ಆದರೆ ಕ್ಲಸ್ಟರ್, ತಾಲ್ಲೂಕು, ಜಿಲ್ಲೆ ಎಂದು ಮೇಲೇರುವಾಗ ಸಾಲಿಯ ಲಕ್ಷ್ಯವೆಲ್ಲ ಗೆಲ್ಲುವ ಒಂದೆರಡು ಮಕ್ಕಳ ಮೇಲೆ ಬೀಳುತ್ತದೆ, ಉಳಿದವರು ಚಪ್ಪಾಳೆಗೆ ಉಳಿಯುತ್ತಾರೆ. ಗ್ಯಾದರಿಂಗಿನಲ್ಲಿ ಸಿನಿಮಾ ಹಾಡಿಗೆ ಹಾಕುವ ಹೆಜ್ಜೆಯೂ ಹಾಗೆಯೇ. ಆ ಹಾಡಿನಲ್ಲಿ ಮಗುವಿನದೇ ಆದ ಒಂದು ಮಾತೂ ಇರುವುದಿಲ್ಲ. ನಾಟಕ ಮಕ್ಕಳೇ ಕಟ್ಟಿದ್ದಾಗಿರಲಿ. ಭಾಷೆಯೂ ಅವರದೇ ಇರಲಿ. ‘ಎಲ್ಲಿಗೆ ಹೋಗುತ್ತಿರುವೆ?’ ಎಂದು ಬಾಯಿಪಾಠ ಒಪ್ಪಿಸುವ ಮಗುವನ್ನು ‘ಎಲ್ಲಿಗ್ ಹೊಂಟೀಲೇ?’ ಎಂದು ಕೇಳಲು ಬಿಟ್ಟರೆ ಸಾಕು, ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಕಂಬಾರರ ನಾಟಕಗಳು ಈ ಭಾಗದ ಮಾತಿಗೆ ತಂದುಕೊಟ್ಟ ಮರ್ಯಾದೆ ಸಾಲಿಯ ಒಳಗೂ ಬರಲಿ.

ಒಂದು ಎಚ್ಚರಿಕೆ ಹೇಳಲೇಬೇಕು. ಮಗುವಿನ ಮನೆಯ ನೋವನ್ನೇ ಕೆದಕಿ ಊರೆದುರು ಆಡಿಸುವುದು ಕ್ರೌರ್ಯ. ಕತೆ ಬೇರೆಯವರದಾಗಿರಲಿ, ಹೆಸರು ಕಲ್ಪಿತವಾಗಿರಲಿ. ತಾಲೀಮಿನಲ್ಲಿ ಮಗು ತೀರಾ ಮಂಕಾಗಿದೆ, ಬದುಕೇ ಬೇಡವೆಂಬ ಮಾತಾಡುತ್ತಿದೆ ಎನಿಸಿದರೆ ನಾಟಕದಿಂದ ವಾಸಿಯಾದೀತೆಂದು ಕಾಯಬಾರದು. ಧಾರವಾಡದಲ್ಲೇ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ; 14416ಕ್ಕೆ ಕರೆ ಮಾಡಿದರೆ ಸಹಾಯವಾಣಿ ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು. ಮಗುವಿನ ಮಂಕುತನ ಮೊದಲು ಕಣ್ಣಿಗೆ ಬೀಳುವುದು ದಿನವೂ ಅದರ ದನಿ ಕೇಳುವ ಅಕ್ಕೋರಿಗೆ, ಮಾಸ್ತರರಿಗೆ. ತಾಲೀಮು ನಡೆಸುವವರಿಗೆ ಆ ಕಿವಿ ಇರಬೇಕು.

ಇದಕ್ಕೆಲ್ಲ ಹೊಸ ಕಟ್ಟಡ ಬೇಡ. ಸರ್ಕಾರಿ ಪ್ರೌಢಶಾಲೆಗಳಲ್ಲಿ ನಾಟಕ ಶಿಕ್ಷಕರು ಬೆರಳೆಣಿಕೆಯಷ್ಟೇ. ಆ ಹುದ್ದೆಗಳು ಹೆಚ್ಚಬೇಕು, ನಿಜ. ಅಲ್ಲಿಯತನಕ ಊರಿನ ಪೇಟಿ ಮಾಸ್ತರರು, ದೊಡ್ಡಾಟದ ಹಿರಿಯರು, ಹಲಗಿ ಬಾರಿಸುವವರು, ಗುಳ್ಳವ್ವನ ಹಾಡು ಬಲ್ಲ ಅಜ್ಜಿಯರು ಸಾಲಿಗೆ ಬರಲಿ, ಸಾಲಿಯ ಉಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿ ಅವರಿಗೆ ಗೌರವಧನ ಕೊಡಲಿ. ಸ್ಥಳೀಯ ಕಲೆಯನ್ನು ಪಾಠಕ್ಕೆ ಜೋಡಿಸುವ ಸರ್ಕಾರಿ ಶಿಕ್ಷಕರಿಗೆ ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ‘ಕಲಿ-ಕಲಿಸು’ ಯೋಜನೆಯಲ್ಲಿ ನೆರವು ಕೊಡುತ್ತ ಬಂದಿದೆ. ನಮ್ಮ ತಾಲ್ಲೂಕುಗಳ ಶಿಕ್ಷಕರು ಅಂಥವನ್ನು ಕೇಳಿ ಪಡೆಯಬೇಕು. ಬ್ಯಾಗಿಲ್ಲದ ಶನಿವಾರ ಹೇಗೂ ಇದೆ. ಅದರ ಮೇಲೆ ವಾರಕ್ಕೆ ಎರಡು ಅವಧಿ ಸಿಕ್ಕರೆ ಸಾಕು. ಪರೀಕ್ಷೆ ಹತ್ತಿರ ಬಂದಾಗ ಆ ಎರಡು ಅವಧಿಯನ್ನು ಗಣಿತಕ್ಕೆ ಬಿಟ್ಟುಕೊಡದ ಮುಖ್ಯ ಶಿಕ್ಷಕರೂ ಬೇಕು.