ಮನೇಲಿ ಪುಟ್ಟ ಮಗು ಇದೆ, ಯಾವ ನಾಯಿ ತರೋಣ?

ಮಗುವಿಗೆ ಮೂರ್ನಾಲ್ಕು ವರ್ಷ ಆಗುತ್ತಿದ್ದಂತೆ ಅನೇಕ ಮನೆಗಳಲ್ಲಿ ಶುರುವಾಗೋ ಹಟ ಇದು: "ಅಪ್ಪಾ, ನಂಗೊಂದು ನಾಯಿಮರಿ ಬೇಕು!" ಫೋನ್ ಕೊಳ್ಳೋಕೆ ಮೊದಲು ಹತ್ತು ರಿವ್ಯೂ ನೋಡೋ ನಾವು, ನಾಯಿ ವಿಷಯದಲ್ಲಿ ಮಾತ್ರ ಒಂದು ಮುದ್ದಾದ ರೀಲ್ ನೋಡಿ ತೀರ್ಮಾನ ಮಾಡಿಬಿಡ್ತೀವಿ. ಫೋನ್ ಮೂರು ವರ್ಷಕ್ಕೆ ಬದಲಾಗುತ್ತೆ. ನಾಯಿ ಸಾಮಾನ್ಯವಾಗಿ 10ರಿಂದ 13 ವರ್ಷ ಇರುತ್ತೆ. ಅಂದರೆ ಈಗ ಎಲ್‌ಕೆಜಿಯಲ್ಲಿರೋ ಮಗು ಪಿಯುಸಿ ಸೇರೋವರೆಗೆ!

ಹಾಗಾಗಿ ಮೊದಲ ಪ್ರಶ್ನೆ ತಳಿಯದ್ದಲ್ಲ, ಮನೆಯದ್ದು. ನಾಯಿಯನ್ನು ದಿನಕ್ಕೆ ಎರಡು ಸಲ ವಾಕಿಂಗ್ ಕರ್ಕೊಂಡು ಹೋಗೋದು ಯಾರು? ಮರಿಯನ್ನಂತೂ ಶುರುವಿನಲ್ಲಿ ಎರಡು ಮೂರು ಗಂಟೆಗೊಮ್ಮೆ ಹೊರಗೆ ಬಿಡಬೇಕು. ಇಬ್ಬರೂ ಆಫೀಸಿಗೆ ಹೋದರೆ ಆ ಕೆಲಸ ಮಂಡಿ ನೋವಿರೋ ಅಜ್ಜಿಯ ತಲೆಗೆ ಬರುತ್ತಾ? ನಾಯಿ ಮಗುವಿನದ್ದು ಅಂತ ನಾವು ಹೇಳಬಹುದು, ಆದರೆ ಜವಾಬ್ದಾರಿ ಪೂರ್ತಿ ದೊಡ್ಡವರದ್ದೇ.

ಈಗ ತಳಿಗಳ ವಿಷಯಕ್ಕೆ ಬರೋಣ.

ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್: ಸಾಮಾನ್ಯವಾಗಿ ಸೌಮ್ಯ ಸ್ವಭಾವ, ಹೇಳಿಕೊಟ್ಟಿದ್ದನ್ನು ಬೇಗ ಕಲೀತವೆ. ಆದರೆ ಮೊದಲ ಎರಡು ವರ್ಷ ಚೈತನ್ಯ ವಿಪರೀತ. ಸುಮಾರು 30 ಕೆಜಿ ತೂಗೋ ಲ್ಯಾಬ್ ಪ್ರೀತಿಯಿಂದ ಬಾಲ ಬೀಸಿದರೂ ಪುಟ್ಟ ಮಗು ಬಿದ್ದುಬಿಡಬಹುದು. ಕೂದಲೂ ಧಾರಾಳವಾಗಿ ಉದುರುತ್ತೆ.

ಬೀಗಲ್: ಗಾತ್ರ ಚಿಕ್ಕದು, ಆಟಕ್ಕೆ ಸದಾ ರೆಡಿ. ಆದರೆ ವಾಸನೆ ಹಿಡಿದು ಬೇಟೆಯಾಡೋ ತಳಿ. ಬೇಜಾರಾದರೆ ಊಳಿಡುತ್ತೆ, ಆಗ ಪಕ್ಕದ ಫ್ಲಾಟಿನವರು ಬಾಗಿಲು ತಟ್ಟುತ್ತಾರೆ.

ಪಗ್: ಮಕ್ಕಳ ಜೊತೆ ಚೆನ್ನಾಗಿ ಹೊಂದಿಕೊಳ್ಳುತ್ತೆ. ಆದರೆ ಆ ಚಪ್ಪಟೆ ಮೂತಿಯಿಂದಲೇ ಉಸಿರಾಟದ ತೊಂದರೆ. ಬಿಸಿಲಲ್ಲಿ ಓಡಿಸಿದರೆ ಜೀವಕ್ಕೇ ಅಪಾಯ.

ತೀರಾ ಪುಟ್ಟ ತಳಿಗಳು: ಚಿಹುವಾಹುವಾದಂಥ ನಾಯಿಯ ಮೂಳೆ ನಾಜೂಕು. ಮಗು ಎತ್ತಿ ಬೀಳಿಸಿದರೆ ಕಾಲು ಮುರಿಯುತ್ತೆ. ಹೆದರಿದ ನಾಯಿ ಕಚ್ಚುತ್ತೆ.

ಹಸ್ಕಿ: ಹಿಮದ ನಾಡಿನ ದಟ್ಟ ಕೂದಲಿನ ನಾಯಿ. ಇದನ್ನು ರಾಯಚೂರಿನ ಬೇಸಿಗೆಗೆ ತರೋದು ಪ್ರೀತಿ ಅಲ್ಲ.

ಮುಧೋಳ: ನಮ್ಮ ಬಾಗಲಕೋಟೆಯ ಹೆಮ್ಮೆ. 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂತು. ಆದರೆ ಇದು ಓಡೋಕೆ ಹುಟ್ಟಿದ ಬೇಟೆ ನಾಯಿ. ಅಪರಿಚಿತರ ಹತ್ತಿರ ಸುಲಭವಾಗಿ ಬೆರೆಯಲ್ಲ, ಎಳೆದಾಡಿದರೆ ಸಹಿಸಲ್ಲ. ತೋಟ, ಜಮೀನು ಇರೋರಿಗೆ ಸರಿ. ಎರಡು ಬೆಡ್‌ರೂಮಿನ ಫ್ಲಾಟ್, ಅದರಲ್ಲೊಂದು ಅಂಬೆಗಾಲಿಡೋ ಮಗು ಅಂದ್ರೆ ಬೇಡ.

ಇಂಡಿ, ಅಂದರೆ ನಮ್ಮ ಬೀದಿಯ ನಾಟಿ ನಾಯಿ: ನಮ್ಮ ಹವೆಗೆ ಒಗ್ಗಿದ್ದು, ಕೂದಲು ಗಿಡ್ಡ, ಆರೈಕೆ ಕಡಿಮೆ. ಮರಿಗಿಂತ ಎರಡು ಮೂರು ವರ್ಷದ ನಾಯಿಯನ್ನು ದತ್ತು ತಗೊಳ್ಳೋದರಲ್ಲಿ ಒಂದು ಲಾಭ ಇದೆ. ಅದರ ಸ್ವಭಾವ ಆಗಲೇ ಗೊತ್ತಿರುತ್ತೆ. ಬೆಂಗಳೂರಿನ ಕ್ಯೂಪಾದಂಥ ಸಂಸ್ಥೆಗಳಲ್ಲಿ ವಿಚಾರಿಸಿ. ಮಗುವನ್ನೂ ಕರ್ಕೊಂಡು ಹೋಗಿ, ಒಂದೆರಡು ಸಲ ಭೇಟಿ ಮಾಡಿಸಿ, ಆಮೇಲೆ ನಿರ್ಧರಿಸಿ.

ಮರಿಯನ್ನೇ ಕೊಳ್ಳೋದಾದರೆ ಎಂಟು ವಾರ ತುಂಬಿರಲೇಬೇಕು. 2017ರ ನಾಯಿ ಸಾಕಣೆ ನಿಯಮಗಳ ಪ್ರಕಾರ ಅದಕ್ಕಿಂತ ಎಳೆಯ ಮರಿಯನ್ನು ಮಾರುವಂತಿಲ್ಲ. ತಾಯಿ ನಾಯಿಯನ್ನು ತೋರಿಸಿ ಅಂತ ಕೇಳಿ. ತೋರಿಸೋಕೆ ಒಪ್ಪದಿದ್ದರೆ ವಾಪಸ್ ಬನ್ನಿ.

ನಾಯಿ ಮನೆಗೆ ಬಂದ ಮೇಲಿನದ್ದು ಇದಕ್ಕಿಂತ ಮುಖ್ಯ. ಮಕ್ಕಳನ್ನು ಕಚ್ಚೋದು ಬಹಳ ಸಲ ಅಪರಿಚಿತ ನಾಯಿಯಲ್ಲ, ಗೊತ್ತಿರೋ ನಾಯಿಯೇ. ಮಗುವಿನ ಮುಖ ನಾಯಿಯ ಬಾಯಿಯ ಎತ್ತರಕ್ಕೇ ಇರೋದರಿಂದ ಗಾಯ ಮುಖಕ್ಕೇ ಆಗೋದು ಹೆಚ್ಚು. ಊಟ ಮಾಡುವಾಗ, ಮಲಗಿರುವಾಗ ನಾಯಿಯನ್ನು ಮುಟ್ಟಬಾರದು, ಕುತ್ತಿಗೆ ತಬ್ಬಬಾರದು, ಬಾಲ ಎಳೆಯಬಾರದು. ಇದನ್ನು ಮಗುವಿಗೆ ದಿನಾ ಹೇಳಿಕೊಡಿ. ಐದಾರು ವರ್ಷದೊಳಗಿನ ಮಗುವನ್ನು ನಾಯಿ ಜೊತೆ ಒಂಟಿಯಾಗಿ ಬಿಡಲೇಬೇಡಿ, ನಾಯಿ ಎಷ್ಟೇ ಒಳ್ಳೇದಿರಲಿ.

ನಾಯಿ ಏಕಾಏಕಿ ಕಚ್ಚೋದು ಕಡಿಮೆ. ಮೊದಲು ಮುಖ ತಿರುಗಿಸುತ್ತೆ, ತುಟಿ ನೆಕ್ಕುತ್ತೆ, ಸುಮ್ಮಸುಮ್ಮನೆ ಆಕಳಿಸುತ್ತೆ, ಕಣ್ಣಿನ ಬಿಳಿ ಕಾಣುತ್ತೆ, ಮೈ ಬಿಗಿ ಹಿಡಿಯುತ್ತೆ. ಆಮೇಲೆ ಗುರ್ ಅನ್ನುತ್ತೆ. ಗುರ್ ಅಂದಿದ್ದಕ್ಕೆ ಹೊಡೀಬೇಡಿ. ಅದು ಅಲಾರಂ. ಅದನ್ನು ಬಂದ್ ಮಾಡಿಸಿದರೆ ಮುಂದಿನ ಸಲ ಎಚ್ಚರಿಕೆ ಇಲ್ಲದೇ ಕಚ್ಚಬಹುದು. ಮಗುವನ್ನು ಮೆಲ್ಲಗೆ ದೂರ ಕರ್ಕೊಳ್ಳಿ, ಅಷ್ಟೇ.

ಆರರಿಂದ ಎಂಟು ವಾರದಲ್ಲಿ ಮರಿಯ ಲಸಿಕೆಗಳು ಶುರುವಾಗುತ್ತವೆ, ಸುಮಾರು ಮೂರು ತಿಂಗಳಿಗೆ ರೇಬೀಸ್ ಲಸಿಕೆ. ಮುಂದಿನ ಡೋಸ್‌ಗಳನ್ನು, ಜಂತುಹುಳುವಿನ ಔಷಧಿಯನ್ನು ಪಶುವೈದ್ಯರು ಹೇಳಿದಂತೆ ತಪ್ಪದೆ ಕೊಡಿಸಿ. ಕಚ್ಚಿದರೆ, ಪರಚಿ ರಕ್ತ ಬಂದರೆ ನಮ್ಮದೇ ನಾಯಿ ಅಂತ ಸುಮ್ಮನಿರಬೇಡಿ. ಹರಿಯೋ ನೀರು, ಸೋಪಿನಲ್ಲಿ 15 ನಿಮಿಷ ತೊಳೆದು, ಅವತ್ತೇ ವೈದ್ಯರ ಹತ್ತಿರ ಹೋಗಿ. ಅರಿಶಿನ, ಸುಣ್ಣ, ಖಾರದ ಪುಡಿ ಯಾವುದೂ ಬೇಡ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಜೀವ ಉಳಿಯೋದು ಇಲ್ಲವೇ ಇಲ್ಲ ಎನ್ನುವಷ್ಟು ವಿರಳ.

ಇಷ್ಟೆಲ್ಲಾ ಓದಿ "ಈಗ ಕಷ್ಟ" ಅನ್ನಿಸಿದರೆ ತಪ್ಪೇನಿಲ್ಲ. ಮಗುವಿಗೆ ಆರೇಳು ವರ್ಷ ಆಗಲಿ, ಕಾಯಿರಿ. ಹಟ ಮಾಡೋ ಮಗು ಎರಡು ದಿನಕ್ಕೆ ಸಮಾಧಾನ ಆಗುತ್ತೆ. ತಂದು, ಆರು ತಿಂಗಳಿಗೆ ಬೀದಿಗೆ ಬಿಟ್ಟ ನಾಯಿಗೆ ಸಮಾಧಾನ ಹೇಳೋರು ಯಾರೂ ಇರಲ್ಲ.